ಗೆಲ್ಲೋಕೆ ಬ್ರೇಕ್ ಒತ್ತೋ ರೇಸು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ. ಡ್ರ್ಯಾಗ್ ರೇಸಿಂಗ್, ಅಂದ್ರೆ ಎರಡು ಗಾಡಿ ಪಕ್ಕಪಕ್ಕ ನಿಂತು ನೇರ ಟ್ರ್ಯಾಕಲ್ಲಿ ಓಡೋ ರೇಸು, ಅದರ ಬಗ್ಗೆ ಮಾತಾಡಿ ಅಂತ ಕರೆದಾಗ ನಿಮ್ಮ ತಲೇಲಿ ಇದ್ದಿದ್ದು ಟಾಪ್ ಫ್ಯೂಯೆಲ್ ಇರ್ಬೇಕು, ಬೆಂಕಿ ಉಗುಳೋ ಉದ್ದನೆ ಗಾಡಿ, ಎದೆ ನಡುಗಿಸೋ ಸದ್ದು. ನಾನು ಅದನ್ನ ಮಾತಾಡಲ್ಲ, ಬೇಜಾರು ಮಾಡ್ಕೋಬೇಡಿ. ನಾನಿರೋದು ಇಂಡಿಯಾನಾಪೊಲಿಸ್‌ನಲ್ಲಿ, ಪ್ರತಿ ವರ್ಷ ಲೇಬರ್ ಡೇ ವಾರಾಂತ್ಯಕ್ಕೆ ಅಲ್ಲಿ ಯು.ಎಸ್. ನ್ಯಾಷನಲ್ಸ್ ಅನ್ನೋ ದೊಡ್ಡ ಡ್ರ್ಯಾಗ್ ರೇಸ್ ನಡೆಯತ್ತೆ, ಅದ್ರಲ್ಲಿ ಜನ ಎದ್ದು ಹಾಟ್ ಡಾಗ್ ತರೋಕೆ ಹೋಗೋ ಹೊತ್ತಲ್ಲಿ ಓಡ್ತಾವಲ್ಲ ಸ್ಟಾಕು, ಸೂಪರ್ ಸ್ಟಾಕು, ಕಾಂಪ್ ಅಂತ, ಆ ಕ್ಲಾಸ್ ಗಾಡಿಗಳೇ ನನಗೆ ಇಷ್ಟ. ಯಾಕಂದ್ರೆ ಅಲ್ಲಿ ತುಂಬಾ ಜೋರಾಗಿ ಓಡಿದ್ರೆ ದಂಡ ಬೀಳತ್ತೆ. ಹೌದು, ರೇಸಲ್ಲೇ.

ಇದು ಶುರುವಾಗಿದ್ದು ಕಂಪನಿಗಳ ಕಳ್ಳಾಟದಿಂದ. ಸ್ಟಾಕ್ ಕ್ಲಾಸ್ ಅಂದ್ರೆ ಶೋರೂಮಲ್ಲಿ ಮಾರೋ ಥರದ ಗಾಡಿಗಳ ಕ್ಲಾಸು, ಗಾಡಿ ತೂಕವನ್ನ ಕಂಪನಿ ಹೇಳಿದ ಹಾರ್ಸ್‌ಪವರಿಂದ ಭಾಗಿಸೋದು, ಬಂದ ಸಂಖ್ಯೆ ನೋಡಿ ಕ್ಲಾಸ್ ಕೊಡೋದು, ಅಷ್ಟೇ. ಹಾಗಾದ್ರೆ ಬುದ್ಧಿವಂತ ಏನ್ಮಾಡ್ತಾನೆ? ಹಾರ್ಸ್‌ಪವರ್ ಕಮ್ಮಿ ಬರ್ಕೊಡ್ತಾನೆ. 1968ರಲ್ಲಿ ಫೋರ್ಡ್‌ನೋರು 428 ಕೋಬ್ರಾ ಜೆಟ್ ಮಸ್ಟಾಂಗ್ ತಂದ್ರು, ಕಾಗದದ ಮೇಲೆ 335 ಎಚ್‌ಪಿ, ನಿಜವಾಗಿ 400 ದಾಟಿತ್ತು ಅನ್ನೋದು ಎಲ್ರಿಗೂ ಗೊತ್ತಿದ್ದ ಗುಟ್ಟು. ಆ ವರ್ಷ ಪೊಮೋನಾದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಅಲ್ ಜೋನಿಯೆಕ್ ಅದೇ ಗಾಡೀಲಿ ಸೂಪರ್ ಸ್ಟಾಕ್ ಗೆದ್ದ. ಷೆವ್ರೊಲೆಯವ್ರೇನು ಸಾಚಾನಾ, ಅವರ ಕ್ಯಾಮರೋ ಜಡ್-28ಕ್ಕೆ ಬರೆದಿದ್ದು 290, ಅದನ್ನ ನಂಬಿದೋರು ಇನ್ಶೂರೆನ್ಸ್ ಕಂಪನಿಯೋರು ಮಾತ್ರ. ಆಮೇಲೆ ಎನ್‌ಎಚ್‌ಆರ್‌ಎ, ಅಂದ್ರೆ ಈ ರೇಸುಗಳನ್ನ ನಡೆಸೋಕೆ 1951ರಲ್ಲಿ ವಾಲಿ ಪಾರ್ಕ್ಸ್ ಕಟ್ಟಿದ ಸಂಸ್ಥೆ, ನಿಮ್ಮ ಬ್ರೋಷರ್ ನೀವೇ ಇಟ್ಕೊಳ್ಳಿ ಅಂತ ಹೇಳಿ ತಾನೇ ಒಂದೊಂದು ಇಂಜಿನ್‌ಗೆ ಎಚ್‌ಪಿ ಹಾಕೋಕೆ ಶುರು ಮಾಡ್ತು. ಅದಕ್ಕೆ ಫ್ಯಾಕ್ಟರಿಂಗ್ ಅಂತಾರೆ.

ಈಗ ಅದು ಆಟೋಮ್ಯಾಟಿಕ್. ಪ್ರತಿ ಕ್ಲಾಸ್‌ಗೂ ಒಂದು ಇಂಡೆಕ್ಸ್ ಇದೆ, ಈ ಗಾಡಿ ಕಾಲು ಮೈಲಿಗೆ ಇಷ್ಟು ಸೆಕೆಂಡಲ್ಲಿ ಬರ್ಬೇಕು ಅಂತ. ಒಳ್ಳೆ ಗಾಡಿಗಳು ಅದಕ್ಕಿಂತ ಸೆಕೆಂಡ್ ಹತ್ತಿರ ಬೇಗ ಬರ್ತಾವೆ. ಆದ್ರೆ ಒಂದು ಮಿತಿ ದಾಟಿ ಬೇಗ ಬಂದ್ರಿ ಅಂದ್ರೆ ನಿಮ್ಮ ಇಂಜಿನ್ ಲೆಕ್ಕಕ್ಕೆ ಎಚ್‌ಪಿ ಸೇರಿಸ್ತಾರೆ. ರೇಸರ್‌ಗಳ ಭಾಷೇಲಿ 'ಹಿಟ್' ಬಿತ್ತು. ಹತ್ತು ಎಚ್‌ಪಿ ತಾನೆ ಅನ್ಬೇಡಿ. ಪ್ರತಿ ಎಚ್‌ಪಿಗೆ 10 ಪೌಂಡ್ ಇರೋ ಕ್ಲಾಸ್ ಅನ್ಕೊಳ್ಳಿ, ಅದೇ ಕ್ಲಾಸಲ್ಲಿ ಉಳೀಬೇಕಂದ್ರೆ 100 ಪೌಂಡ್ ತುಂಬ್ಬೇಕು, ಅಂದ್ರೆ 45 ಕೆಜಿ, ಸೊಸೈಟಿ ಅಕ್ಕಿ ಮೂಟೆಗಿಂತ ಸ್ವಲ್ಪ ಕಮ್ಮಿ. ನೂರು ಪೌಂಡಿಗೆ ಹತ್ತನೇ ಒಂದು ಸೆಕೆಂಡ್ ಹೋಗತ್ತೆ ಅನ್ನೋದು ಗಾಡಿ ರೆಡಿ ಮಾಡೋ ಪಿಟ್ಟಲ್ಲಿ ಎಲ್ರ ಬಾಯಲ್ಲೂ ಇರೋ ಲೆಕ್ಕ. ತೂಕ ಬೇಡ್ವಾ, ಮೇಲಿನ ಕ್ಲಾಸ್‌ಗೆ ಹೋಗಿ, ಅಲ್ಲಿ ಇಂಡೆಕ್ಸ್ ಇನ್ನೂ ಬಿಗಿ.

ಇನ್ನೊಂದು ಕಿತಾಪತಿ ಏನಂದ್ರೆ ಹಿಟ್ ಬೀಳೋದು ನಿಮಗೊಬ್ರಿಗೆ ಅಲ್ಲ, ಅದೇ ಇಂಜಿನ್ ಅದೇ ಮಾಡೆಲ್ ಇಟ್ಕೊಂಡಿರೋ ಎಲ್ರಿಗೂ! ನೀವು ಕ್ವಾಲಿಫೈಯಿಂಗ್‌ನಲ್ಲಿ ನಂಬರ್ ಒನ್ ಆಗೋ ಆಸೆಗೆ ಪೂರ್ತಿ ಒತ್ತಿದ್ರೆ ಎಲ್ಲೋ ಟೆಕ್ಸಸ್‌ನಲ್ಲಿ ಕೂತಿರೋ ಯಾರೋ ಪಾಪ ತನ್ನ ಗಾಡಿಗೆ ಸೀಸದ ತುಂಡು ಬಿಗೀಬೇಕು.

ಇದನ್ನ ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಚಿಕ್ಕಮ್ಮ. ಅವ್ರು ಪೀಣ್ಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲೀತಿದ್ರು. ಹೊಸದಾಗಿ ಬಂದ ಹುಡುಗಿ ಹುರುಪಲ್ಲಿ ಟಾರ್ಗೆಟ್‌ಗಿಂತ ಜಾಸ್ತಿ ಪೀಸ್ ತೆಗೆದ್ರೆ ಪಕ್ಕದೋರು ಕಾಲಲ್ಲಿ ಒದ್ದು ಸುಮ್ನಿರೇ ಅಂತಿದ್ರಂತೆ, ಯಾಕಂದ್ರೆ ಸೂಪರ್‌ವೈಸರ್ ನೋಡಿದ್ರೆ ನಾಳೆಯಿಂದ ಇಡೀ ಲೈನಿಗೆ ಅದೇ ಟಾರ್ಗೆಟ್. ಕ್ಲಾಸ್ ರೇಸಿಂಗ್ ಅರ್ಥ ಆಗೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾಗಿ ಸ್ಪೀಡ್ ಬಚ್ಚಿಡೋದೇ ಒಂದು ವಿದ್ಯೆ ಆಗೋಗಿದೆ. ಎಲಿಮಿನೇಷನ್‌ನಲ್ಲಿ, ಅಂದ್ರೆ ಸೋತೋರು ಮನೆಗೆ ಹೋಗೋ ರೌಂಡುಗಳಲ್ಲಿ, ಇಬ್ರೂ ತಾವು ಓಡೋ ಟೈಮ್ ತಾವೇ ಮೊದಲೇ ಬರೀತಾರೆ, ಡಯಲ್-ಇನ್ ಅಂತ, ಅದು ಇಂಡೆಕ್ಸ್‌ಗಿಂತ ನಿಧಾನ ಇರೋ ಹಾಗಿಲ್ಲ. ನಿಮ್ದು 10.70, ಎದುರಾಳಿದು 11.50 ಅಂದ್ರೆ ಅವನಿಗೆ 0.80 ಸೆಕೆಂಡ್ ಮುಂಚೆ ಹಸಿರು ಲೈಟು. ಬರೆದಿದ್ದಕ್ಕಿಂತ ಬೇಗ ಬಂದ್ರೆ ಬ್ರೇಕ್‌ಔಟ್, ಔಟು. ಈಗ 10.70 ಬರೆದೋನ ಒಂದು ಟೈಮ್ ಸ್ಲಿಪ್, ಅಂದ್ರೆ ಓಟ ಮುಗಿದ್ಮೇಲೆ ಕೊಡೋ ಚೀಟಿ, ತೋರಿಸ್ತೀನಿ, ಸಂಖ್ಯೆ ನಾನೇ ಹಾಕಿರೋದು ಆದ್ರೆ ಇಂಥದ್ದು ದಿನಾ ಕಾಣತ್ತೆ. 60 ಅಡಿಗೆ 1.45 ಸೆಕೆಂಡ್, 330ಕ್ಕೆ 4.28, 660 ಅಡಿಗೆ 6.78, 1000 ಅಡಿಗೆ 8.85. ಇಲ್ಲೀವರೆಗೆ ನೋಡಿದ್ರೆ ಈ ಗಾಡಿ 10.62ಕ್ಕೆ ಬರೋ ಗಾಡಿ. ಆದ್ರೆ 1320 ಅಡಿಗೆ, ಅಂದ್ರೆ ಕಾಲು ಮೈಲಿ ಮುಗಿಯೋ ಕಡೆ, ಬಂದಿದ್ದು 10.71, ಕೊನೇಲಿ ಸ್ಪೀಡು ಗಂಟೆಗೆ 125 ಮೈಲಿ ಬರ್ಬೇಕಾಗಿದ್ದು 105. ಕೊನೆ 320 ಅಡಿಲಿ ಅಣ್ಣ ಬ್ರೇಕ್ ಮೇಲೆ ಕಾಲಿಟ್ಟಿದಾನೆ. ಆ ಸ್ಪೀಡಲ್ಲಿ ಸೆಕೆಂಡಿನ ನೂರನೇ ಒಂದು ಭಾಗ ಅಂದ್ರೆ ಎರಡಡಿಗಿಂತ ಕಮ್ಮಿ. ಅವನು ಪಕ್ಕದ ಲೇನಲ್ಲಿ ಎದುರಾಳಿ ಮುಂದಿನ ಚಕ್ರ ಎಲ್ಲಿದೆ ಅಂತ ಓರೆಗಣ್ಣಲ್ಲಿ ನೋಡ್ಕೊಂಡು, ಆ ಎರಡಡಿ ಮುಂದೆ ಇದ್ರೆ ಸಾಕು ಅಂತ ಅಳತೆ ಮಾಡ್ಕೊಂಡು ಬ್ರೇಕ್ ಒತ್ತತಾನೆ. ಸ್ಟ್ಯಾಂಡಲ್ಲಿ ಕೂತ ನಮಗೆ ಇವನ್ಯಾಕೆ ಕೊನೇಲಿ ಸುಸ್ತಾದ ಅನ್ಸತ್ತೆ.

ಕಾಂಪ್ ಎಲಿಮಿನೇಟರ್ ಇನ್ನೂ ಮಜಾ. ಅಲ್ಲಿ ಬ್ರೇಕ್‌ಔಟೇ ಇಲ್ಲ, ಹ್ಯಾಂಡಿಕ್ಯಾಪ್, ಅಂದ್ರೆ ನಿಧಾನದ ಗಾಡಿಗೆ ಮುಂಚೆ ಹಸಿರು ಕೊಡೋದು, ಇಂಡೆಕ್ಸ್ ಮೇಲೇ, ಎಷ್ಟು ಬೇಕಾದ್ರೂ ಜೋರಾಗಿ ಓಡಿ. ಆದ್ರೆ ಸಿಐಸಿ ಅಂತ ಒಂದು ನಿಯಮ ಇದೆ, ಮಿತಿ ಮೀರಿ ಓಡಿದ್ರೆ ಮುಂದಿನ ರೌಂಡಿಂದ ನಿಮ್ಮ ಇಂಡೆಕ್ಸೇ ಕಟ್ ಆಗತ್ತೆ. ಅಂದ್ರೆ ಈ ರೌಂಡಲ್ಲಿ ಅನಾವಶ್ಯಕ ಗೆದ್ದ ದೂರ ಫೈನಲ್‌ನಲ್ಲಿ ಕೈ ಕೊಡತ್ತೆ. ಎದುರಾಳಿ ತನ್ನ ಇಂಡೆಕ್ಸ್‌ಗಿಂತ 0.40 ಸೆಕೆಂಡ್ ಕೆಳಗೆ ಓಡಿದ್ರೆ ನೀವು 0.41 ಓಡಿದ್ರೆ ಸಾಕು, 0.55 ಓಡಿದ್ರೆ ಮಿಕ್ಕಿದ್ದು ದುಂದುವೆಚ್ಚ. ಅದಕ್ಕೇ ಮೊದಲ ರೌಂಡಲ್ಲಿ ಜಿಪುಣರ ಥರ ಓಡಿಸ್ತಾರೆ.

ಇದು ಸರಿನಾ ಅಂತ ನನ್ನ ಕೇಳಿದ್ರೆ, ನಿಯಮ ಇಲ್ದಿದ್ರೆ ದುಡ್ಡಿದ್ದೋನು ಒಬ್ನೇ ಗೆಲ್ತಾನೆ, ಅದು ನಿಜ. ಆದ್ರೆ ವರ್ಷಗಟ್ಟಲೆ ಇಂಜಿನ್ ಪವರ್ ಅಳೆಯೋ ಡೈನೋ ಮುಂದೆ ಕೂತು ಎರಡು ಎಚ್‌ಪಿ ಹುಡುಕೋ ಮನುಷ್ಯ ಅದನ್ನ ಯಾರಿಗೂ ತೋರಿಸ್ದೆ ಮನೆಗೆ ತಗೊಂಡು ಹೋಗೋದು ನೋಡಿದ್ರೆ ನನಗಂತೂ ಹೊಟ್ಟೆ ಉರಿಯತ್ತೆ. ಹಾಗಂತ ಪೂರ್ತಿ ಬಚ್ಚಿಡೋಕೂ ಆಗಲ್ಲ. ಒಂದೇ ಕ್ಲಾಸಿನ ಇಬ್ರು ಎದುರಾದ್ರೆ ಸ್ಟಾಕಲ್ಲೂ ಹ್ಯಾಂಡಿಕ್ಯಾಪ್ ಇಲ್ಲ, ಬ್ರೇಕ್‌ಔಟ್ ಇಲ್ಲ, ಒಂದೇ ಸಲ ಹಸಿರು, ಯಾರು ಮುಂದೋ ಅವನೇ. ಆಗ ಜೇಬಲ್ಲಿರೋದೆಲ್ಲ ಮೇಜಿನ ಮೇಲೆ.

ನನಗೆ ಪರಿಚಯದ ಒಬ್ರಿದಾರೆ, ಎಪ್ಪತ್ತು ದಾಟಿರೋ ಮೆಕ್ಯಾನಿಕ್, ಅವ್ರಿಗೆ ಒಂದ್ಸಲ ಅಂಥ ಜೋಡಿ ಬಿತ್ತು. ಅವತ್ತೇ ಮೊದಲ ಸಲ ಅವ್ರು ಕೊನೇವರೆಗೂ ಕಾಲು ತೆಗೀದೆ ಓಡಿಸಿದ್ದು, ಗೆದ್ರು, ಸ್ಲಿಪ್ ನೋಡಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಅದನ್ನ ನಾಲ್ಕು ಮಡಚಿ ಅಂಗಿ ಜೇಬಿಗಿಟ್ಕೊಂಡ್ರು. ಪಕ್ಕದ ಪಿಟ್ಟಲ್ಲಿ ಅದೇ ಇಂಜಿನ್‌ನ ಅಪ್ಪ-ಮಗ ಇದ್ರು, ದಿನಾ ಬೆಳಗ್ಗೆ ಇವರನ್ನ ಕಾಫಿಗೆ ಕರೆಯೋರು. ಮಾರನೇ ದಿನ ಕರೀಲಿಲ್ಲ.

ಸರಿ, ಪ್ರಶ್ನೆ ಇದ್ರೆ ಕೇಳಿ.