ಮೊದಲು ನೆಲ, ಆಮೇಲೆ ಕುದುರೆ

(ಚಿಕ್ಕಮಗಳೂರಿನಲ್ಲಿ ಸ್ನೇಹಿತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನ ‘ರೇಸ್ ತಜ್ಞರು’ ಅಂದುಬಿಟ್ರು. ನಮ್ಮ ಮನೆಯವರು ಸಭೇಲಿ ಇಲ್ಲ, ಬಚಾವಾದೆ. ನಾನು ಮೂವತ್ತು ವರ್ಷ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದವನು. ದಿನಾ ಬೆಳಿಗ್ಗೆ ಮಳೆಮಾಪಕದ ನೀರು ಅಳೆದು 1 ಇಂಚು 20 ಸೆಂಟ್, 60 ಸೆಂಟ್ ಅಂತ ರಿಜಿಸ್ಟರಿಗೆ ಬರೆಯೋದು ನನ್ನ ಕೆಲಸ. ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಪಾಲು. ಕಾಫಿ ಹೂ ಅರಳಿಸೋ ಹೂಮಳೆ ಹತ್ತು ಸೆಂಟ್ ಕಮ್ಮಿ ಬಿದ್ರೆ ಏನಾಗುತ್ತೆ ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾ?

ಅಂಥ ನಾವೇ ರೇಸಿಗೆ ಹೋದಾಗ ನೆಲ ಮರೀತೀವಿ. ಬೆಂಗಳೂರಿಗೆ ಹೋಗೋವಾಗ ಕುಣಿಗಲ್ ಸ್ಟಡ್ ಫಾರ್ಮ್ ಕಡೆ ಕತ್ತು ಹೊರಳಿಸಿ ನೋಡ್ತೀವಿ. ಯಾವ ಕುದುರೆ, ಯಾವ ಜಾಕಿ, ಲಾಯದ ಹುಡುಗ ಏನಂದ, ಎಲ್ಲಾ ಕೇಳ್ತೀವಿ. ಓಡೋದು ಯಾವುದರ ಮೇಲೆ ಅಂತ ಒಬ್ಬರೂ ಕೇಳಲ್ಲ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ ಅಂತ ತೀರ್ಪು ಕೊಡ್ತು. ನಾವು ಕಟ್ಟೋ ರೀತಿ ನೋಡಿದ್ರೆ ಆ ನ್ಯಾಯಮೂರ್ತಿಗಳಿಗೆ ಬೇಜಾರಾದೀತು.

ಒಂದು ಶ್ರಾವಣದಲ್ಲಿ ಮೈಸೂರಿಗೆ ಹೋಗಿದ್ದೆ. ಹಿಂದಿನ ರಾತ್ರಿ ಚೆನ್ನಾಗಿ ಮಳೆ. ಜೊತೆಗೆ ನಮ್ಮ ಎಸ್ಟೇಟಿನ ಜೀಪ್ ಡ್ರೈವರು. ಅವನು ಅಲ್ಲೀವರೆಗೆ ಒಂದು ರೇಸೂ ನೋಡಿದವನಲ್ಲ. ಕೈಯಲ್ಲಿ ಚುರುಮುರಿ ಪೊಟ್ಟಣ. ಎರಡನೇ ರೇಸು ಮುಗೀತಿದ್ದ ಹಾಗೇ, “ಸಾರ್, ಕಡೇ ತಿರುವಲ್ಲಿ ಎಲ್ಲಾ ಬೇಲಿ ಬಿಟ್ಟು ಆಚೆ ಬರ್ತಾವಲ್ಲ, ಒಳಗಡೆ ಕೆಸರಿರ್ಬೇಕು. ನಮ್ಮ ಜೀಪೂ ಮಳೇಲಿ ಹಳೇ ಜಾಡಿಗೆ ಇಳಿಸಲ್ಲ” ಅಂದ. ನಾನು ನಕ್ಕೆ. ಮೂರನೇ ರೇಸಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ದುಡ್ಡು ಕಟ್ಟಿದ್ದ ಫೇವರಿಟ್‌ಗೆ ಒಂದನೇ ಡ್ರಾ, ಅಂದ್ರೆ ಒಳಗಡೆ ಬೇಲಿ ಪಕ್ಕದ ಜಾಗ. ದಾರಿ ಹತ್ತಿರ ಅಂತ ಲೆಕ್ಕ ಹಾಕಿ ಐನೂರು ಕಟ್ಟಿದೆ. ಕೊನೇ 200 ಮೀಟರ್‌ವರೆಗೂ ಅದೇ ಮುಂದೆ. ಆಮೇಲೆ ನಾಟಿ ಗದ್ದೇಲಿ ನಡೆದ ಹಾಗೆ ಕಾಲು ಕಿತ್ತಿಡೋಕೆ ಒದ್ದಾಡಿತು. ನಡು ಮೈದಾನದಲ್ಲಿ ಬಂದ ಮೂರು ಕುದುರೆ ದಾಟಿಕೊಂಡು ಹೋದವು. ಡ್ರೈವರು ನನ್ನ ಮುಖ ನೋಡಲಿಲ್ಲ, ಪೊಟ್ಟಣ ಮುಂದೆ ಹಿಡಿದ.

ಕಥೆ ಅಲ್ಲಿಗೆ ಮುಗೀಲಿಲ್ಲ. ಮೂರು ವಾರ ಬಿಟ್ಟು ಅದೇ ಕುದುರೆ ಒಣ ನೆಲದಲ್ಲಿ ಓಡಿತು. ಹಿಂದಿನ ಸಲ ನಾಲ್ಕನೇದು ಅಂತ ಜನ ಕೈಬಿಟ್ಟಿದ್ರು, ಗೆದ್ರೆ ಸಿಗೋ ದರ ಒಳ್ಳೇದಿತ್ತು. ನಾನೂ ಕೈಬಿಟ್ಟಿದ್ದೆ. ಸರಾಗವಾಗಿ ಗೆದ್ದುಬಿಡ್ತು! ಕೆಟ್ಟ ಜಾಗದಲ್ಲಿ ಓಡಿಯೂ ನಾಲ್ಕನೇದಾಗಿ ಬಂದದ್ದನ್ನ ನಾನು ಬರೆದಿಟ್ಟಿರಲಿಲ್ಲ. ಮಳೆ ಬರೆದಿಡೋ ಮನುಷ್ಯ ಇದನ್ನ ಬರೆದಿಡಲಿಲ್ಲ, ನೋಡಿ.

ಕ್ಲಬ್ಬಿನವರು ಪೆನೆಟ್ರೋಮೀಟರ್ ಅಂತ ಒಂದು ಸಲಾಕೆ ಇಟ್ಟಿರ್ತಾರೆ. ತೂಕ ಬಿಟ್ಟು ಅದು ಎಷ್ಟು ಸೆಂಟಿಮೀಟರ್ ಇಳೀತು ಅಂತ ನೋಡ್ತಾರೆ. ಅಂಕಿ ಹೆಚ್ಚಾದಷ್ಟೂ ನೆಲ ಮೆತ್ತಗೆ. ಆದ್ರೆ ಅದು ಸರಾಸರಿ. ಇಡೀ ತೋಟದ ಮಳೆ ಸರಾಸರಿ ಹೇಳಿದ್ರೆ ಕೆಳಗಿನ ಹಳ್ಳದ ಬ್ಲಾಕಲ್ಲಿ ನೀರು ನಿಂತದ್ದು ಗೊತ್ತಾಗುತ್ತಾ?

ನೆಲ ಎಷ್ಟು ಹೊತ್ತು ತಿಂತು ಅಂತ ತಿಳಿಯೋಕೆ ಗಡಿಯಾರ ಬೇಕು. ಒಂದು ದರ್ಜೆಯ ಕುದುರೆಗಳು 1200 ಮೀಟರನ್ನ ಸಾಮಾನ್ಯವಾಗಿ 1 ನಿಮಿಷ 14 ಸೆಕೆಂಡಲ್ಲಿ ಓಡ್ತಾವೆ ಅಂತ ಇಟ್ಕೊಳ್ಳಿ. ಇವತ್ತು 1.2 ಸೆಕೆಂಡ್ ಹೆಚ್ಚು ತಗೊಂಡವು. ಅದೊಂದೇ ರೇಸು ನಿಧಾನ ಆದ್ರೆ ಜಾಕಿಗಳು ಹಿಡಿದು ಓಡಿಸಿರಬಹುದು. ದಿನದ ಎಲ್ಲಾ ರೇಸೂ ಹಾಗೇ ಆಗಿದ್ರೆ ನೆಲವೇ ಕಿಲೋಮೀಟರಿಗೆ ಒಂದು ಸೆಕೆಂಡ್ ತಿಂದಿದೆ. ಆ ಲೆಕ್ಕದಲ್ಲಿ 1600 ಮೀಟರಿಗೆ 1.6 ಸೆಕೆಂಡ್ ಹೆಚ್ಚಾಗಬೇಕು. ಅಲ್ಲೊಂದು ಕುದುರೆ ಬರೀ 0.4 ಹೆಚ್ಚು ತಗೊಂಡ್ರೆ? ಬೋರ್ಡಲ್ಲಿ ನಿಧಾನ, ನಿಮ್ಮ ಪುಸ್ತಕದಲ್ಲಿ 1.2 ಸೆಕೆಂಡ್ ಜೋರು. ಒಂದು ಸೆಕೆಂಡ್ ಅಂದ್ರೆ ಸುಮಾರು 16 ಮೀಟರ್, ಆರು ಕುದುರೆ ಉದ್ದಕ್ಕಿಂತ ಜಾಸ್ತಿ.

ಹಾಗಂತ ಬೇಲಿ ಪಕ್ಕ ಯಾವಾಗಲೂ ಕೆಟ್ಟದ್ದು ಅಂತ ತಿಳೀಬೇಡಿ. ದಿನಗಟ್ಟಲೆ ತುಳಿದು ಅಲ್ಲಿನ ಹುಲ್ಲು ಸವೀತದೆ, ನಿಜ. ಅದನ್ನ ಉಳಿಸೋಕೆ ತಾತ್ಕಾಲಿಕ ಬೇಲಿಯನ್ನ ಕೆಲವು ಮೀಟರ್ ಆಚೆ ಹಾಕ್ತಾರೆ. ಅದನ್ನ ತೆಗೆದ ದಿನ ಒಳಗಡೆ ತಾಜಾ ಹುಲ್ಲು, ಅವತ್ತು ಒಳಗೆ ಓಡಿದವಕ್ಕೇ ಹಬ್ಬ. ಬೇಲಿ ಸರಿದದ್ದು ಗೊತ್ತಿಲ್ಲದೆ ಹೋದ ವಾರದ ಪಾಠ ಒಪ್ಪಿಸೋರೇ ಹೆಚ್ಚು.

ಫೇವರಿಟ್‌ಗಳು ಗೆದ್ದದ್ದನ್ನ ನೋಡಿ ನೆಲದ ಒಲವು ತೀರ್ಮಾನ ಮಾಡಬೇಡಿ, ಅವು ಹೇಗಿದ್ರೂ ಗೆಲ್ಲೋವೇ. ಯಾರೂ ಕೇಳದ ಕುದುರೆ ಯಾವ ಜಾಡಲ್ಲಿ ಬಂದು ಎರಡನೇದಾಯ್ತು ಅಂತ ನೋಡಿ. ಅಂಥವು ಎರಡು ಮೂರು ಒಂದೇ ಜಾಡಲ್ಲಿ ಬಂದ್ರೆ, ಆಗ ಬರೆದುಕೊಳ್ಳಿ.

ಚೀಟಿ ಬಂತು. ಊಟಕ್ಕೆ ಎಲೆ ಹಾಕಿದ್ದಾರಂತೆ. ಗಾಳಿ, ತೂಕ, ತಿರುವಿನ ಇಳಿಜಾರು, ಎಲ್ಲಾ ಬಾಕಿ ಉಳೀತು. ಇನ್ನೊಂದು ಸಲ ಕರೆದ್ರೆ ಹೇಳ್ತೀನಿ. ಹಿಂದಿನ ಸಾಲಿನವರು ಈ ಭಾನುವಾರ ಯಾವ ಕುದುರೆ ಅಂತ ಕೇಳ್ತಿದ್ದಾರೆ. ಶನಿವಾರ ರಾತ್ರಿ ಮಳೆ ಬರುತ್ತಾ ಹೇಳಿ ಸ್ವಾಮಿ, ಆಮೇಲೆ ನೋಡೋಣ. ನನ್ನ ರಿಜಿಸ್ಟರು ಇಲ್ಲೇ ಮೇಜಿನ ಮೇಲಿದೆ, ನೋಡೋರು ನೋಡಿ. ಮನೆಗೆ ಮಾತ್ರ ಒಯ್ಯಬೇಡಿ. ಹೋದ ಸಲ ಮೂಡಿಗೆರೆಗೆ ಹೋದದ್ದು ಎರಡು ತಿಂಗಳಾದ ಮೇಲೆ ವಾಪಸ್ ಬಂತು, ಅದೂ ಕಾಫಿ ಕಲೆ ಸಮೇತ.