ಬೆದೆಲ್ ಘಟ್ಟ ಹತ್ತಿದವರು

ಕೇಳುಗರೇ, ನಮಸ್ಕಾರ.

ಮಧ್ಯ ಏಷ್ಯಾದ ಕಿರ್ಗಿಜ್ ಭಾಷೆಯಲ್ಲಿ ‘ಉರ್ಕುನ್’ ಎಂಬ ಮಾತಿದೆ. ಬೆದರಿದ ಮಂದೆಯಂತೆ ದಿಕ್ಕುಗೆಟ್ಟು ಓಡುವುದು ಎಂದರ್ಥ. ಆದರೆ ಆ ನಾಡಿನ ಹಿರಿಯರ ಬಾಯಲ್ಲಿ ಅದು 1916ನೇ ಇಸವಿಯ ಹೆಸರು.

ಆ ಓಟದ ಬೇರು ಹುಡುಕಿದರೆ ಇನ್ನೂ ಅರುವತ್ತು ವರ್ಷ ಹಿಂದೆ, ಇಸಿಕ್-ಕುಲ್ ಸರೋವರದ ದಂಡೆಗೆ ಹೋಗಬೇಕು. ಕೊರೆಯುವ ಚಳಿಯಲ್ಲೂ ಹೆಪ್ಪುಗಟ್ಟದ ನೀರು, ಸುತ್ತಲೂ ಹುಲ್ಲುಗಾವಲು. ಕುರಿ, ಕುದುರೆಯೇ ಆಸ್ತಿಯಾದವರಿಗೆ ಇನ್ನೇನು ಬೇಕು? ಆ ದಂಡೆಯಲ್ಲೇ ಸರಿಬಾಗಿಶ್ ಮತ್ತು ಬುಗು ಎಂಬ ಎರಡು ಕಿರ್ಗಿಜ್ ಕುಲಗಳು ಕಾದಾಡಿದವು. ಸರಿಬಾಗಿಶರ ಒರ್ಮೊನ್ ಖಾನ್ ಸಾಮಾನ್ಯನಲ್ಲ. 1847ರಲ್ಲಿ ದಂಡೆತ್ತಿ ಬಂದ ಕಜಾಕರ ಖಾನ್ ಕೆನೆಸರಿಯನ್ನು ಸೋಲಿಸಿದವನು. ಹೊರಗಿನವನನ್ನು ಗೆದ್ದವನು ಕೊನೆಗೆ ಸತ್ತದ್ದು ಬುಗುಗಳ ಕೈಯಲ್ಲಿ. ಸೇಡು ಬೆಳೆಯುತ್ತಿದ್ದಾಗ ಬುಗುಗಳು 1855ರಲ್ಲಿ ರಷ್ಯದ ಚಕ್ರವರ್ತಿಯ ಪ್ರಜೆಗಳಾಗಲು ಒಪ್ಪಿದರು. ಅವರನ್ನು ದ್ರೋಹಿಗಳೆನ್ನಲು ನನಗೆ ಮನಸ್ಸು ಬಾರದು. ಒಂದು ಕಡೆ ಸರಿಬಾಗಿಶರು, ಇನ್ನೊಂದು ಕಡೆ ನೆರೆಯ ಕೋಕಂದ್ ರಾಜ್ಯದ ಖಾನರ ತೆರಿಗೆ. ಮಕ್ಕಳುಮರಿ ಉಳಿದರೆ ಸಾಕೆಂದುಕೊಂಡಿರಬೇಕು.

ರಷ್ಯದ ಕೋಟೆಗಳ ಹಿಂದೆಯೇ ರೈತರು ಬಂದರು. ತಗ್ಗಿನ ಒಳ್ಳೆಯ ನೆಲ ಅವರ ನೇಗಿಲಿಗೆ ಹೋಯಿತು, ಮಂದೆಗಳು ಬೆಟ್ಟದ ಕಡೆ ಸರಿದವು. ಹೊಡೆದಾಡಿದ ಎರಡು ಕುಲಗಳಿಗೂ ಆ ದಂಡೆ ಇಕ್ಕಟ್ಟಾಯಿತು.

1916ರ ಬೇಸಿಗೆಯಲ್ಲಿ ರಷ್ಯದ ಚಕ್ರವರ್ತಿ ಎರಡನೇ ನಿಕೊಲಸ್‌ನ ಆಜ್ಞೆ ಬಂತು: ಈ ಸೀಮೆಯ 19ರಿಂದ 43 ವಯಸ್ಸಿನ ಗಂಡಸರು ಮೊದಲ ಮಹಾಯುದ್ಧದ ರಣರಂಗದ ಹಿಂದೆ ಕೂಲಿಗೆ ಹೋಗಬೇಕು. ಮಧ್ಯ ಏಷ್ಯಾದ ಪಟ್ಟಣ ಖುಜಂದ್‌ನಲ್ಲಿ ಹೊತ್ತಿದ ಸಿಟ್ಟು ಆಗಸ್ಟ್ ಹೊತ್ತಿಗೆ ಚುಯ್ ಬಯಲಿಗೆ, ಸರೋವರದ ದಂಡೆಗೆ ಹಬ್ಬಿತು. ವಲಸೆ ರೈತರ ಹಳ್ಳಿಗಳಿಗೆ ಬೆಂಕಿ ಬಿತ್ತು. ಅಲ್ಲೂ ಹೆಂಗಸರು, ಮಕ್ಕಳು ಸತ್ತರು. ಅದನ್ನು ಬಚ್ಚಿಟ್ಟು ಈ ಕಥೆ ಹೇಳಲಾಗದು. ಆಮೇಲೆ ರಷ್ಯದ ದಂಡಿನ ಸರದಿ. ಫಿರಂಗಿಯ ಮುಂದೆ ಊರಿಗೆ ಊರೇ ಎದ್ದು ಚೀನಾದ ಕಡೆ ಹೊರಟಿತು.

ದಾರಿಯಲ್ಲಿ ಬೆದೆಲ್ ಘಟ್ಟ, 4,200 ಮೀಟರಿಗೂ ಎತ್ತರ. ಗುಡಾರದ ಕೋಲು, ಉಣ್ಣೆಯ ಹಾಸು, ಅದರ ಮೇಲೆ ಕೂಸು, ಎಲ್ಲವೂ ಒಂದೇ ಕುದುರೆಯ ಬೆನ್ನಿಗೆ. ಹಿಮದಲ್ಲಿ ಕುದುರೆ ಕಾಲು ಜಾರಿದರೆ ಮನೆಯೇ ಕಂದರಕ್ಕೆ. ಆಚೆ ತಲುಪಿದವರನ್ನು ಹಸಿವು ಕಾದಿತ್ತು. ಉಳಿದ ದನಕರುಗಳನ್ನು ಕೇಳಿದ ಬೆಲೆಗೆ ಮಾರಿದರು, ಹೆತ್ತ ಮಕ್ಕಳನ್ನೂ ಮಾರಿದವರಿದ್ದರು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಲಕ್ಷ ದಾಟಿತ್ತು ಎನ್ನುವವರು ಹಲವರು.

1917ರಲ್ಲಿ ಚಕ್ರವರ್ತಿ ಪಟ್ಟದಿಂದಿಳಿದ. ಬದುಕುಳಿದವರಲ್ಲಿ ಎಷ್ಟೋ ಮಂದಿ ತಿರುಗಿ ಸರೋವರದ ಕಡೆ ಹೆಜ್ಜೆ ಹಾಕಿದರು. ಅದೇ ಘಟ್ಟದ ದಾರಿ. ಹೋಗುವಾಗ ಹೂಳಲಾಗದೆ ಬಿಟ್ಟುಹೋದ ಅಪ್ಪ, ಅಜ್ಜಿ, ಕೂಸುಗಳ ಮೂಳೆಗಳು ಆ ಕಲ್ಲುಗಳ ನಡುವೆಯೇ ಇದ್ದವು.

ನಮಸ್ಕಾರ.