ತರಗತಿಯಲ್ಲಿ ಧರ್ಮದ ಪಾಠ ಇರಬೇಕಾ?

[ನಿರೂಪಕರು ನೇರವಾಗಿ ಕ್ಯಾಮೆರಾ ನೋಡಿ]

ನಮಸ್ಕಾರ. 1956ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಲರಿ ಶೆಂಪ್ ಎಂಬ ಹೈಸ್ಕೂಲ್ ಹುಡುಗ ಕುರ್‌ಆನ್ ಹಿಡಿದುಕೊಂಡು ತರಗತಿಗೆ ಹೋದ. ಅಲ್ಲಿನ ಕಾನೂನಿನ ಪ್ರಕಾರ ದಿನಾ ಶಾಲೆ ಶುರುವಾಗುವಾಗ ಬೈಬಲ್‌ನ ಕನಿಷ್ಠ 10 ವಚನ ಓದಲೇಬೇಕಿತ್ತು, ಅದೂ ಯಾವ ವಿವರಣೆಯೂ ಇಲ್ಲದೆ. ಆ ಓದು ನಡೆಯುತ್ತಿದ್ದಾಗ ಇವನು ತನ್ನ ಪಾಡಿಗೆ ಕುರ್‌ಆನ್ ಓದುತ್ತಾ ಕೂತ. ಪ್ರಿನ್ಸಿಪಾಲರ ಹತ್ತಿರ ಕಳಿಸಿದರು. ಮನೆಯವರು ಕೋರ್ಟಿಗೆ ಹೋದರು. 1963ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಇಂಥ ಓದು ನಡೆಸುವಂತಿಲ್ಲ ಎಂದಿತು.

ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಧರ್ಮಗಳ ಇತಿಹಾಸ ಹೇಳಿಕೊಡಬಹುದು, ಧರ್ಮಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು, ಬೈಬಲ್ಲನ್ನು ಸಾಹಿತ್ಯ ಅಂತ ಓದಬಹುದು.

[ಪರದೆ ಮೇಲೆ: ಸಂವಿಧಾನದ 28ನೇ ವಿಧಿ]

ಭಾರತದಲ್ಲೂ ಹೆಚ್ಚುಕಮ್ಮಿ ಹೀಗೇ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ. ಆದರೆ ಧರ್ಮಗಳ ಬಗ್ಗೆ ತಿಳಿಸುವುದು ಅಂಥ ಬೋಧನೆಯಾಗುವುದಿಲ್ಲ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು.

ನನ್ನ ನಿಲುವು ನೇರವಾಗಿ ಹೇಳ್ತೀನಿ. ಧರ್ಮಗಳ ಬಗ್ಗೆ ಕಲಿಸಬೇಕು. ಪ್ರಾರ್ಥನೆ ಮಾಡಿಸಬಾರದು. ಧರ್ಮದ ಮಾತೇ ಎತ್ತದೆ ಅಶೋಕನ ಶಾಸನಗಳನ್ನಾಗಲಿ, ಕ್ರೈಸ್ತರ ಪಂಗಡಗಳ ಜಗಳದಿಂದ ಶುರುವಾಗಿ 1618ರಿಂದ 1648ರವರೆಗೆ ಯುರೋಪನ್ನು ಸುಟ್ಟ ಯುದ್ಧವನ್ನಾಗಲಿ ಪಾಠ ಮಾಡೋದು ಹೇಗೆ? ಶಾಲೆ ಬಾಯಿ ಮುಚ್ಚಿಕೊಂಡರೆ ಮಕ್ಕಳು ಪಕ್ಕದವರ ಧರ್ಮದ ಬಗ್ಗೆ ಫೋನಿಗೆ ಬರುವ ಫಾರ್ವರ್ಡ್ ನೋಡಿ ಕಲೀತಾರೆ, ಅಲ್ವಾ?

ಧರ್ಮ ಬೋಧಿಸುವುದಕ್ಕೂ ಧರ್ಮಗಳ ಬಗ್ಗೆ ಕಲಿಸುವುದಕ್ಕೂ ಇರುವ ವ್ಯತ್ಯಾಸ ಗೊತ್ತಾಗಬೇಕಾದರೆ ಪ್ರಶ್ನೆಪತ್ರಿಕೆ ನೋಡಿ. ‘ದೇವರ ಕೃಪೆ ಸಿಗಲು ನಾವು ಏನು ಮಾಡಬೇಕು?’ ಅಂತ ಕೇಳಿದ್ದಾರೆ ಅಂದುಕೊಳ್ಳಿ. ನಂಬಿಕೆ ಇಲ್ಲದ ಮಗು ಅಂಕಕ್ಕಾಗಿ ಸುಳ್ಳು ಬರೆಯಬೇಕು. ‘ಮುಸ್ಲಿಮರು ರಂಜಾನ್ ತಿಂಗಳಲ್ಲಿ ಉಪವಾಸ ಮಾಡುವುದೇಕೆ?’ ಅಂತ ಕೇಳಿದರೆ ಯಾವ ಮನೆಯ ಮಗುವೂ ಓದಿಕೊಂಡು ಉತ್ತರ ಬರೆಯಬಹುದು, ಮನಸ್ಸಿಗೆ ವಿರುದ್ಧವಾಗಿ ಒಂದಕ್ಷರವನ್ನೂ ಬರೆಯಬೇಕಾಗಿಲ್ಲ.

‘ಇಷ್ಟ ಇಲ್ಲದವರು ಹೊರಗೆ ಹೋಗಲಿ ಬಿಡಿ’ ಅನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಪೆನ್ಸಿಲ್ವೇನಿಯಾದಲ್ಲೂ ಪೋಷಕರು ಚೀಟಿ ಕೊಟ್ಟರೆ ವಿನಾಯಿತಿ ಸಿಗುತ್ತಿತ್ತು. ಮಕ್ಕಳನ್ನು ವಿಚಿತ್ರವಾಗಿ ನೋಡ್ತಾರೆ ಎಂದು ಶೆಂಪ್ ಅವರ ತಂದೆ ಅದನ್ನು ಕೇಳಲಿಲ್ಲ. ನಾರ್ವೆಯಲ್ಲಿ 1997ರಲ್ಲಿ ಎಲ್ಲ ಮಕ್ಕಳಿಗೂ ಧರ್ಮಗಳ ಬಗ್ಗೆ ಒಂದೇ ಪಾಠವಿಷಯ ತಂದರು, ಕ್ರೈಸ್ತ ಧರ್ಮಕ್ಕೆ ಜಾಸ್ತಿ ಜಾಗ ಕೊಟ್ಟು. ಅದರ ಕೆಲವು ಭಾಗಗಳಿಂದ ಮಾತ್ರ ವಿನಾಯಿತಿ ಸಿಗುತ್ತಿತ್ತು. ಯಾವ ಭಾಗ ಬೇಡ, ಯಾಕೆ ಬೇಡ ಎಂದು ಪೋಷಕರು ಕಾರಣ ಕೊಡಬೇಕಿತ್ತು, ಅಂದರೆ ತಮ್ಮ ಖಾಸಗಿ ನಂಬಿಕೆಯನ್ನು ಶಾಲೆಯ ಮುಂದೆ ಬಿಚ್ಚಿಡುವ ಸ್ಥಿತಿ ಬರಬಹುದಿತ್ತು. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ಪೋಷಕರ ಹಕ್ಕಿಗೆ ಧಕ್ಕೆ ಎಂದಿತು. ನ್ಯಾಯಾಧೀಶರಲ್ಲೇ 9–8ರ ಭಿನ್ನಮತ ಇತ್ತು, ಅಷ್ಟು ಕಷ್ಟದ ಪ್ರಶ್ನೆ ಇದು.

ಹಾಗಾಗಿ ಯಾವ ಮಗುವೂ ಎದ್ದು ಹೋಗಬೇಕಾಗದ ಪಾಠ ಬೇಕು. ಅದಕ್ಕೆ ಶಿಕ್ಷಕರಿಗೆ ತರಬೇತಿ ಬೇಕು, ಮಗು ‘ದೇವರು ಇದ್ದಾನಾ ಸರ್?’ ಅಂತ ಕೇಳಿದಾಗ ತಮ್ಮ ಉತ್ತರ ಹೇರದೆ ‘ಇವರು ಹೀಗೆ ನಂಬುತ್ತಾರೆ, ಅವರು ಹಾಗೆ, ಕೆಲವರು ನಂಬುವುದೇ ಇಲ್ಲ’ ಎಂದು ಮೂರನ್ನೂ ಒಂದೇ ಮರ್ಯಾದೆಯಿಂದ ಹೇಳೋಕೆ ಬರಬೇಕು. ಮತ್ತೆ, ಒಂದೊಂದು ಧರ್ಮದೊಳಗೂ ಹತ್ತಾರು ದಾರಿಗಳಿವೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಧರ್ಮಗುರುಗಳಿಗೆ ಮಾತ್ರ ತೋರಿಸಿದರೆ ಸಾಲದು. ಅದೇ ಧರ್ಮದ ಹೆಂಗಸರು ಓದಲಿ, ಅಲ್ಲಿ ಕೆಳಗೆ ತಳ್ಳಲ್ಪಟ್ಟವರು ಓದಲಿ, ಅದನ್ನು ಬಿಟ್ಟು ಬಂದವರೂ ಓದಲಿ.